ಸಂಪಿನೊಳಗೆ ತೊಂಬತ್ತು ನಿಮಿಷ

ಸಿನಿಮಾ ಮಾಡಬೇಕು ಅಂತ ಹೊರಟ ಮೈಸೂರಿನ ಹುಡುಗರು ಕತೆ ಚರ್ಚೆಗೆ ಕೂತರೆ ಒಂದು ಮಾತು ಬಂದೇ ಬರುತ್ತೆ: "ಒಂದೇ ಲೊಕೇಶನ್ ಸಾರ್, ಒಬ್ಬನೇ ಆರ್ಟಿಸ್ಟು, ಖರ್ಚು ಕಮ್ಮಿ." ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವನ ಕತೆ, ಎಟಿಎಂ ಒಳಗೆ ಸಿಕ್ಕಿಬಿದ್ದವಳ ಕತೆ, ಕಬ್ಬಿನ ಲಾರಿ ಕೆಳಗೆ ಸಿಲುಕಿದ ಡ್ರೈವರ್ ಕತೆ. ಆ ಮಾತು ಕೇಳಿದಾಗಲೆಲ್ಲ ಮನಸ್ಸಿಗೆ ಕಿರಿಕಿರಿ. ಇಕ್ಕಟ್ಟಿನ ಥ್ರಿಲ್ಲರ್ ಅಗ್ಗದ ಸಿನಿಮಾ ಅಂದುಕೊಂಡಲ್ಲೇ ತಪ್ಪು ಶುರು. ಲೊಕೇಶನ್ ಬಾಡಿಗೆ ಉಳಿಯಬಹುದು, ನಿಜ. ಆದರೆ ಆ ಉಳಿದ ದುಡ್ಡಿನ ಮೂರರಷ್ಟು ಕೆಲಸ ಬರವಣಿಗೆಗೆ, ಸೆಟ್ಟಿಗೆ, ಸೌಂಡಿಗೆ ಹೋಗಬೇಕು. ಹೋಗದಿದ್ದರೆ ಇಂಟರ್ವಲ್‌ಗೆ ಮುಂಚೆಯೇ ಜನ ಮೊಬೈಲ್ ತೆಗೀತಾರೆ.

ತೆಗೆಯೋದಕ್ಕೆ ಕಾರಣ ಬೇಜಾರು ಅಂತ ನಿರ್ದೇಶಕರು ತಿಳಿದುಕೊಳ್ತಾರೆ. ಬೇಗನೆ ಒಂದು ಫ್ಲ್ಯಾಶ್‌ಬ್ಯಾಕ್ ಹಾಕ್ತಾರೆ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಒಂದು ಹಾಡು ಇಡ್ತಾರೆ, ಹೊರಗಡೆ ಪೊಲೀಸ್ ಜೀಪು ಓಡಿಸ್ತಾರೆ. ಅದು ಬೇಯುತ್ತಿರೋ ಕುಕ್ಕರಿನ ವೆಯ್ಟ್ ಎತ್ತಿ ಹಬೆ ಬಿಟ್ಟ ಹಾಗೆ. ಒಳಗೆ ಕಟ್ಟಿದ ಒತ್ತಡ ಅಷ್ಟೂ ಒಂದು ಕಟ್‌ಗೆ ಹೋಗಿಬಿಡುತ್ತೆ, ಮತ್ತೆ ಏರಿಸೋಕೆ ಇಪ್ಪತ್ತು ನಿಮಿಷ ಬೇಕು. ನೆಲದಡಿ ಪೆಟ್ಟಿಗೆಯಲ್ಲಿ ಹೂತುಹೋದ ಒಬ್ಬ ಮನುಷ್ಯನ ಕತೆ ಹೇಳಿದ 2010ರ ‘ಬರೀಡ್’ ಸಿನಿಮಾದಲ್ಲಿ ಕ್ಯಾಮೆರಾ ಕೊನೆವರೆಗೂ ಆ ಪೆಟ್ಟಿಗೆ ಬಿಟ್ಟು ಹೊರಗೆ ಬರಲ್ಲ. 17 ದಿನದಲ್ಲಿ ಮುಗಿದ ಚಿತ್ರೀಕರಣ ಅದು. ಆದರೆ ಆ 17 ದಿನಕ್ಕೆ ಏಳು ಬೇರೆ ಬೇರೆ ಪೆಟ್ಟಿಗೆ ಕಟ್ಟಿದ್ದರು, ಒಂದೊಂದು ಬಗೆಯ ಶಾಟ್‌ಗೆ ಒಂದೊಂದು. ಖರ್ಚು ಕಮ್ಮಿ ಅನ್ನೋರು ದಿನದ ಲೆಕ್ಕ ನೋಡ್ತಾರೆ, ಪೆಟ್ಟಿಗೆಯ ಲೆಕ್ಕ ನೋಡಲ್ಲ.

ನನಗೆ ಅನ್ನಿಸೋದು ಇಷ್ಟು. ಇಕ್ಕಟ್ಟಿನ ಭಯ ಜಾಗದ ಸಣ್ಣತನದಿಂದ ಹುಟ್ಟಲ್ಲ, ನೋಡುಗನ ಕೈಗೆ ಸಿಕ್ಕ ಲೆಕ್ಕದಿಂದ ಹುಟ್ಟುತ್ತೆ. ಒಳಗೆ ಏನೇನಿದೆ, ಯಾವುದು ಎಷ್ಟು ಹೊತ್ತು ಬರುತ್ತೆ, ಯಾವುದು ಯಾವ ಘಳಿಗೆಯಲ್ಲಿ ಕೈಕೊಡುತ್ತೆ. ಈ ಲೆಕ್ಕ ಕುರ್ಚಿಯಲ್ಲಿ ಕೂತವನಿಗೆ ನಾಯಕನಿಗಿಂತ ಒಂದು ನಿಮಿಷ ಮುಂಚೆ ಗೊತ್ತಾಗಬೇಕು.

ಶ್ರೀರಂಗಪಟ್ಟಣದ ಕಲ್ಲುಹಲಗೆ

ಜಾಗದ ಅಳತೆಗೂ ಭಯಕ್ಕೂ ನಂಟು ಕಮ್ಮಿ ಅಂತ ಕಣ್ಣಾರೆ ನೋಡಬೇಕಾದರೆ ಶ್ರೀರಂಗಪಟ್ಟಣದ ಕರ್ನಲ್ ಬೈಲಿ ಡಂಜನ್ ಅನ್ನೋ ಹಳೇ ಸೆರೆಮನೆಗೆ ಹೋಗಿ. ಅದು ಕಿರುಕೋಣೆ ಅಲ್ಲವೇ ಅಲ್ಲ. ಹತ್ತಿರ ಹತ್ತಿರ ನೂರಡಿ ಉದ್ದ, ನಲವತ್ತಡಿ ಅಗಲ, ಸುಣ್ಣ ಬಳಿದ ಕಮಾನು ಚಾವಣಿ. ಮೇಲಿನ ಕೊತ್ತಳದಿಂದ ಚಾವಣಿ ಒಡೆದುಕೊಂಡು ಬಿದ್ದ ಫಿರಂಗಿ ಈಗಲೂ ನೆಲದ ಮೇಲೆ ಬಿದ್ದಿದೆ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಅದರ ಪಕ್ಕ ಓಡಾಡ್ತಾರೆ, ಕೂಗಿ ಪ್ರತಿಧ್ವನಿ ಕೇಳ್ತಾರೆ. ಯಾರಿಗೂ ಉಸಿರು ಕಟ್ಟಿದ ಹಾಗೆ ಅನ್ನಿಸಲ್ಲ. ಆಮೇಲೆ ಯಾವುದೋ ಒಂದು ಮಗು ಗೋಡೆಯಿಂದ ಮುಂದಕ್ಕೆ ಚಾಚಿರೋ ಕಲ್ಲುಹಲಗೆಯ ತೂತಿನ ಹತ್ತಿರ ಮುಂಗೈ ತಂದು ಇಟ್ಟು ನೋಡುತ್ತೆ. ಸರಪಳಿ ಹಾಕಿ ಕೈದಿಗಳನ್ನ ಕಟ್ಟುತ್ತಿದ್ದ ತೂತು ಅದು. ಕೈ ಅಲ್ಲಿಟ್ಟ ಕೂಡಲೇ ನೂರಡಿ ಉದ್ದದ ಕೋಣೆ ಎರಡಡಿಗೆ ಇಳಿದುಬಿಡುತ್ತೆ. ಮೂಗು ತುರಿಸಿದರೆ ಕೆರೆದುಕೊಳ್ಳೋಕಾಗಲ್ಲ, ಕೂರೋಕಾಗಲ್ಲ, ಪೂರ್ತಿ ನಿಲ್ಲೋಕೂ ಆಗಲ್ಲ. ಡಂಜನ್‌ಗೆ ಹೆಸರು ಕೊಟ್ಟ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಬೈಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ತೀರಿಕೊಂಡ.

ಚಿತ್ರಕತೆ ಬರೆಯೋರು ಕೋಣೆಯ ಉದ್ದಗಲ ಬರೆದಿಟ್ಟುಕೊಳ್ತಾರೆ. ಬರೆದಿಟ್ಟುಕೊಳ್ಳಬೇಕಾದ್ದು ಕೈ ಎಲ್ಲಿವರೆಗೆ ಎಟುಕುತ್ತೆ ಅನ್ನೋದನ್ನ.

ಒಂದು ಸಂಪು, ಮೂವರು ಒಳ್ಳೆಯವರು

ನಮ್ಮೂರಿನದೇ ಒಂದು ಜಾಗ ತಗೊಂಡು ಲೆಕ್ಕ ಹಾಕೋಣ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಮನೆ ಮುಂದಿನ ಪೋರ್ಟಿಕೊ ಕೆಳಗೆ ಸಂಪು ಇರುತ್ತೆ. ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳ ಅಂತಿಟ್ಟುಕೊಳ್ಳಿ, ಎಂಟು ಸಾವಿರ ಲೀಟರ್ ಹಿಡಿಯುತ್ತೆ. ಮೇಲೆ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್, ಅದರ ಒಂದು ಮೂಲೆಯಲ್ಲಿ ಎರಡಡಿ ಚದರದ ಬಾಯಿ, ಅದಕ್ಕೆ ಬೀಡುಕಬ್ಬಿಣದ ಮುಚ್ಚಳ. ಸಂಪು ತೊಳೆಯೋಕೆ ಇಳಿಯೋನು ಬನಿಯನ್ ಚಡ್ಡಿಯಲ್ಲಿ ಇಳೀತಾನೆ. ಅಂಗಿ, ಪ್ಯಾಂಟು, ಫೋನು ಕಾಂಪೌಂಡ್ ಗೋಡೆ ಮೇಲೆ. ಇಂಥ ಸಿನಿಮಾದಲ್ಲಿ ಪ್ರೇಕ್ಷಕ ಕೇಳೋ ಮೊದಲ ಪ್ರಶ್ನೆ "ಫೋನ್ ಮಾಡಬಹುದಿತ್ತಲ್ಲ?" ಅಂತ. ಸಿಗ್ನಲ್ ಇಲ್ಲ, ಬ್ಯಾಟರಿ ಇಲ್ಲ ಅಂತ ಸಬೂಬು ಹೇಳೋ ಅಗತ್ಯವೇ ಇಲ್ಲಿ ಬೀಳಲ್ಲ. ಫೋನು ಗೋಡೆ ಮೇಲೆ ಇದೆ, ಚೆನ್ನಾಗಿದೆ, ಆಗಾಗ ರಿಂಗ್ ಆಗುತ್ತೆ, ಕೆಳಗಿರೋನಿಗೆ ಆ ರಿಂಗ್‌ಟೋನ್ ಸಣ್ಣಗೆ ಕೇಳುತ್ತೆ.

ವಿಲನ್ ಬೇಡ. ಇಕ್ಕಟ್ಟಿನ ಕತೆಗೆ ವಿಲನ್ ತಂದ ಕೂಡಲೇ ಗಮನ ಜಾಗದಿಂದ ಅವನ ಮೇಲೆ ಜಾರಿಹೋಗುತ್ತೆ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸೋ ಮಷೀನು ಕಿರುಚುತ್ತಿದೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ತೆರೆದ ಸಂಪು ನೋಡಿ, ಮಗು ಗಿಗು ಬಿದ್ದೀತು ಅಂತ ಮುಚ್ಚಳ ಎಳೆದು ಹೋಗ್ತಾಳೆ. ಬೀಡುಕಬ್ಬಿಣದ ಮುಚ್ಚಳ ಮೂವತ್ತು ನಲವತ್ತು ಕಿಲೋ ಇದ್ದರೂ ಗಟ್ಟಿಮುಟ್ಟಾದವನು ಕೆಳಗಿನಿಂದ ಹೆಗಲು ಕೊಟ್ಟು ಎತ್ತಬಹುದು. ಅಷ್ಟರಲ್ಲಿ ಮನೆಗೆ ಬಂದ ನೆಂಟರು ರಸ್ತೆಗೆ ಅಡ್ಡ ಆಗಬಾರದು ಅಂತ ಕಾರನ್ನ ಒಳಗೆ ತಂದು ನಿಲ್ಲಿಸ್ತಾರೆ, ಮುಂದಿನ ಚಕ್ರ ನೇರ ಮುಚ್ಚಳದ ಮೇಲೆ. ಸಣ್ಣ ಕಾರಿನ ತೂಕ ಒಂದು ಟನ್, ಒಂದು ಚಕ್ರದ ಪಾಲಿಗೆ ಇನ್ನೂರೈವತ್ತು ಕಿಲೋ. ಅಲ್ಲಿಗೆ ಹೆಗಲಿನ ದಾರಿ ಮುಗಿಯಿತು. ಸಂಪು ತೊಳೆಯೋಕೆ ಕರೆಸಿದ್ದ ಮನೆಯಾಕೆ ಗೋಡೆ ಮೇಲಿನ ಅಂಗಿ ನೋಡಿ, ಹುಡುಗ ಟೀ ಕುಡಿಯೋಕೆ ಹೋಗಿರಬೇಕು ಅಂದುಕೊಂಡು ನೆಂಟರ ಉಪಚಾರಕ್ಕೆ ತಿರುಗ್ತಾಳೆ. ಮೂವರೂ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಮೈಸೂರಿನ ಪ್ರೇಕ್ಷಕ ತನ್ನ ಮನೆ ಪೋರ್ಟಿಕೊ ನೆನೆಸಿಕೊಳ್ಳದೆ ಇರಲ್ಲ.

ಈಗ ನೀರು. ಇಂಥ ದೃಶ್ಯ ಅಂದ ಕೂಡಲೇ ಕತೆಗಾರರು ನೀರನ್ನ ಕತ್ತಿನವರೆಗೆ ಏರಿಸ್ತಾರೆ. ಏರಲ್ಲ. ಮನೆ ಕನೆಕ್ಷನ್ ಅರ್ಧ ಇಂಚಿನ ಪೈಪು. ಒತ್ತಡ ಚೆನ್ನಾಗಿದ್ದು ನಿಮಿಷಕ್ಕೆ 15 ಲೀಟರ್ ಬಂದರೂ, ಸಂಪಿನ ತಳ ನಲವತ್ತೆಂಟು ಚದರಡಿ ಇರೋದರಿಂದ ಗಂಟೆಗೆ ಇಪ್ಪತ್ತು ಸೆಂಟಿಮೀಟರ್ ಏರುತ್ತೆ, ಅಂದರೆ ಒಂದು ಗೇಣು. ಕಾವೇರಿ ನೀರು ಎರಡು ಗಂಟೆ ಬಿಟ್ಟರೆ ಮೊಣಕಾಲ ಹತ್ತಿರಕ್ಕೆ ಬಂದು ನಿಲ್ಲುತ್ತೆ. ಮೊಣಕಾಲುದ್ದ ನೀರಿನಲ್ಲಿ ಯಾರೂ ಮುಳುಗಲ್ಲ. ಬರೆಯೋನು ಇಲ್ಲಿ ಬೇಜಾರಾಗಿ ಪೈಪು ದೊಡ್ಡದು ಮಾಡ್ತಾನೆ, ಇಲ್ಲ ಮಳೆ ಸುರಿಸ್ತಾನೆ. ಮಾಡಬಾರದು. ಲೆಕ್ಕ ಬೇರೆ ದಾರಿ ತೋರಿಸುತ್ತಿದೆ, ಆ ದಾರೀಲಿ ಹೋಗಬೇಕು.

ಸಂಪಿನೊಳಗೆ ಸಬ್‌ಮರ್ಸಿಬಲ್ ಮೋಟರ್ ಇದೆ. ಅದರ ಕೇಬಲ್ಲನ್ನ ಯಾವಾಗಲೋ ರಿಪೇರಿ ಮಾಡಿ ಜಾಯಿಂಟ್ ಹಾಕಿ ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ, ಆ ಟೇಪು ಸಡಿಲವಾಗಿದೆ. ಜಾಯಿಂಟು ತಳದಿಂದ ಒಂದಡಿ ಎತ್ತರದಲ್ಲಿ, ಪೈಪಿಗೆ ಕ್ಲ್ಯಾಂಪ್ ಹೊಡೆದ ಜಾಗದಲ್ಲಿ ಇದೆ. ಸಂಪಿಗೆ ಇಳಿದವನನ್ನ ಕೊಲ್ಲೋಕೆ ಮುಳುಗಿಸೋಷ್ಟು ನೀರೇ ಬೇಕಿಲ್ಲ, ಇಂಥ ಜಾಯಿಂಟಿನಿಂದ ನೀರಿಗೆ ಇಳಿದ ಕರೆಂಟು ಇಲ್ಲವೇ ಕೆಟ್ಟ ಗಾಳಿ ಸಾಕು. ನೀರು ಒಂದಡಿ ಏರೋಕೆ ಎಷ್ಟು ಹೊತ್ತು ಬೇಕು? ಗಂಟೆಗೆ ಇಪ್ಪತ್ತು ಸೆಂಟಿಮೀಟರಿನ ಲೆಕ್ಕದಲ್ಲಿ ಸರಿಯಾಗಿ ಒಂದೂವರೆ ಗಂಟೆ. ಸಿನಿಮಾದ ಉದ್ದ ಅಲ್ಲೇ ಸಿಕ್ಕಿತು. ನೀರು ಕತ್ತಿಗೆ ಬರಬೇಕಿಲ್ಲ, ಮೊಣಕಾಲಿಗೂ ಬರಬೇಕಿಲ್ಲ. ಮೀನಖಂಡ ದಾಟಿದರೆ ಸಾಕು.

ಮೇಲಿನ ಟ್ಯಾಂಕು ಬೆಳಗ್ಗೆಯಿಂದ ಖಾಲಿ. ಮಹಡಿ ಮನೆಯ ಬಾಡಿಗೆ ಹುಡುಗಿ ಬಾಲ್ಕನಿಯಿಂದ ಬಗ್ಗಿ, "ಆಂಟಿ, ನಲ್ಲೀಲಿ ನೀರು ಬರ್ತಿಲ್ಲ, ಮೋಟ್ರು ಹಾಕ್ತೀರಾ?" ಅಂತಾಳೆ. ಒಳಗಿಂದ ಉತ್ತರ, "ಇರಮ್ಮ, ನೀರು ಈಗ ಬಿಟ್ಟವ್ರೆ, ಒಂದ್ ಚೂರು ತುಂಬ್ಲಿ." ಈ ಎರಡು ಸಾಲು ಸಂಪಿನೊಳಗೆ ಕೇಳಿಸಬೇಕು. ಇದಕ್ಕಿಂತ ಹೆದರಿಸೋ ಸಂಭಾಷಣೆ ಬರೆಯೋಕಾಗಲ್ಲ, ಯಾಕೆಂದರೆ ಪ್ರತಿ ಮನೆಯಲ್ಲೂ ಪ್ರತಿ ಬೆಳಗ್ಗೆ ಆಡೋ ಮಾತು ಅದು.

ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ: ಜಾಯಿಂಟನ್ನ ಬಿಚ್ಚಿ ಮೇಲಕ್ಕೆ ಕಟ್ಟಬಹುದಲ್ಲ? ಕಟ್ಟಬಹುದು, ಅದೇ ಸಿನಿಮಾದ ನಡುಭಾಗ. ಮೊದಲು ಅವನಿಗೆ ಅದು ಅಲ್ಲಿರೋದು ಗೊತ್ತಾಗಬೇಕು. ಕತ್ತಲೆಯಲ್ಲಿ ಕೇಬಲ್ಲು ಸವರುತ್ತಾ ಬಂದ ಬೆರಳಿಗೆ ಟೇಪಿನ ಅಂಟು ತಾಗಬೇಕು. ಕ್ಲ್ಯಾಂಪಿನ ಸ್ಕ್ರೂ ತುಕ್ಕು ಹಿಡಿದಿದೆ, ಕೈಯಲ್ಲಿರೋದು ತೆಂಗಿನ ನಾರಿನ ಬ್ರಷ್ಷು ಮತ್ತು ಪ್ಲಾಸ್ಟಿಕ್ ಮಗ್ಗು. ಮೇಲೆ ಸ್ವಿಚ್ಚು ಬೀಳೋವರೆಗೆ ಆ ತಂತಿ ಮುಟ್ಟೋಕೆ ಹಗ್ಗದಷ್ಟೇ ನಿರಪಾಯ, ಬಿದ್ದ ಮೇಲೆ 230 ವೋಲ್ಟು. ಯಾವ ಕ್ಷಣದಲ್ಲಿ ಬೀಳುತ್ತೆ ಗೊತ್ತಿಲ್ಲ. ಬೆರಳು ಕ್ಲ್ಯಾಂಪಿನ ಮೇಲಿದ್ದಾಗಲೆಲ್ಲ ಪ್ರೇಕ್ಷಕನ ಕಿವಿ ಮೇಲ್ಗಡೆಯ ಚಪ್ಪಲಿ ಸದ್ದಿನ ಮೇಲಿರುತ್ತೆ. (ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದಿದ್ದರೆ ಕರೆಂಟು ಸೋರಿದ ಕೂಡಲೇ ಟ್ರಿಪ್ ಆಗಿ ಈ ಕತೆಯೇ ಇರುತ್ತಿರಲಿಲ್ಲ. ಹಳೇ ಮನೆಗಳಲ್ಲಿ ಇರಲ್ಲ. ಓದುತ್ತಿರೋರು ಒಮ್ಮೆ ಎದ್ದು ಹೋಗಿ ತಮ್ಮ ಬೋರ್ಡು ನೋಡಿ ಬರಲಿ ಅಂತ ನಿಜವಾಗಿಯೂ ಕೇಳಿಕೊಳ್ತೀನಿ.)

ಗಾಳಿಯ ಬಗ್ಗೆ ಹೇಳೋ ಸುಳ್ಳು

ಇಕ್ಕಟ್ಟಿನ ಸಿನಿಮಾಗಳು ಅತಿ ಹೆಚ್ಚು ಮೋಸ ಮಾಡೋದು ಗಾಳಿ ವಿಷಯದಲ್ಲಿ. ಲಿಫ್ಟು ನಿಂತು ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಕತ್ತು ಹಿಡಿದುಕೊಂಡು ಏದುಸಿರು ಬಿಡ್ತಾರೆ. ಲಿಫ್ಟಿನ ಕ್ಯಾಬಿನ್ನು ಗಾಳಿಯಾಡದ ಡಬ್ಬಿ ಅಲ್ಲ, ಗಾಳಿ ಹೋಗಿಬರೋ ಕಿಂಡಿ ಇರಲೇಬೇಕು. ಅದು ಹಗ್ಗ ಕಿತ್ತು ಕೆಳಗೆ ಬೀಳೋದೂ ಹೆಚ್ಚುಕಮ್ಮಿ ಕಟ್ಟುಕತೆಯೇ. ಹಗ್ಗ ಒಂದಲ್ಲ, ಹಲವು. ಅವೆಲ್ಲ ಹೋದರೂ ಹಳಿ ಕಚ್ಚಿ ಹಿಡಿಯೋ ಸೇಫ್ಟಿ ಗೇರ್ ಇದೆ. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನಲ್ಲಿ ತಾನೇ ವೇದಿಕೆ ಮೇಲೆ ನಿಂತು ಹಗ್ಗ ಕಡಿಸಿ ತೋರಿಸಿದ್ದು ಇದನ್ನೇ. ಇನ್ನೊಂದು ಸಂಗತಿ ಕತೆಗಾರರ ಕಣ್ಣಿಗೆ ಬಿದ್ದೇ ಇಲ್ಲ: ಆ ಕಡೆ ತೂಗೋ ಎದುರುಭಾರ ಖಾಲಿ ಕ್ಯಾಬಿನ್ನಿಗಿಂತ ಹೆಚ್ಚು ತೂಕದ್ದು. ಹಾಗಾಗಿ ಒಬ್ಬನೇ ಇರುವಾಗ ಬ್ರೇಕ್ ಕೈಕೊಟ್ಟರೆ ಲಿಫ್ಟು ಮೇಲಕ್ಕೆ ಹೋಗುತ್ತೆ. ಎಲ್ಲರೂ ಕೆಳಗೆ ಬೀಳುತ್ತೆ ಅಂತ ಹೆದರಿ ಕೂತಿರುವಾಗ ಮೇಲಕ್ಕೆ ಎಳೆದುಕೊಂಡು ಹೋಗೋ ಲಿಫ್ಟು! ಯಾರಾದರೂ ಅದನ್ನ ಸಿನಿಮಾ ಮಾಡಲಿ.

ಸಂಪಿಗೆ ವಾಪಸ್ ಬರೋಣ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಕಾಲು ಲೀಟರಿನಷ್ಟು ಆಮ್ಲಜನಕ ಬಳಸ್ತಾನೆ, ಅದಕ್ಕಿಂತ ತುಸು ಕಮ್ಮಿ ಇಂಗಾಲದ ಡೈಆಕ್ಸೈಡ್ ಬಿಡ್ತಾನೆ. ಮುಚ್ಚಿದ ಜಾಗದಲ್ಲಿ ಮೊದಲು ಕಾಡೋದು ಆಮ್ಲಜನಕದ ಕೊರತೆ ಅಲ್ಲ, ಬಿಟ್ಟ ಉಸಿರೇ. ಅದು ಗಾಳಿಯಲ್ಲಿ ಶೇಕಡಾ 5ರಷ್ಟಾದಾಗ ತಲೆ ಸಿಡಿಯುತ್ತೆ, ಏದುಸಿರು ಬರುತ್ತೆ. ಎಂಟು ಸಾವಿರ ಲೀಟರಿನ ಸಂಪಿನಲ್ಲಿ ಅದು 400 ಲೀಟರ್. ಗಾಬರಿ ಸೇರಿಸಿ ನಿಮಿಷಕ್ಕೆ ಅರ್ಧ ಲೀಟರ್ ಅಂತ ಹಿಡಿದರೂ ಹದಿಮೂರು ಗಂಟೆ ಆಯಿತು. ಅದೂ ಮುಚ್ಚಳ ಸಂದಿಯಿಲ್ಲದೆ ಕೂತಿದ್ದರೆ. ಹಾಗಾದರೆ ತೊಂಬತ್ತು ನಿಮಿಷದ ಈ ಕತೆಯಲ್ಲಿ ಗಾಳಿಗೆ ಪಾತ್ರವೇ ಇಲ್ಲ. ಒಂದೂವರೆ ಅಡಿ ಎತ್ತರದ ಪೆಟ್ಟಿಗೆಯ ಲೆಕ್ಕ ಬೇರೆ. ಅಲ್ಲಿ ಮೈ ಬಿಟ್ಟು ಉಳಿಯೋ ಗಾಳಿ ಆರುನೂರು ಲೀಟರ್, ಗಾಬರಿಯಿಲ್ಲದೆ ಸುಮ್ಮನೆ ಮಲಗಿದ್ದರೂ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಆ ಶೇಕಡಾ 5ರ ಮಟ್ಟ ಮುಟ್ಟುತ್ತೆ. ಅಲ್ಲಿ ಗಾಳಿಯೇ ನಾಯಕ.

ಆದರೆ ಗಾಳಿ ಕೊಲ್ಲೋ ಇಕ್ಕಟ್ಟು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿದೆ, ಅದು ಕತ್ತು ಹಿಡಿದುಕೊಳ್ಳೋಕೂ ಬಿಡದಷ್ಟು ಸದ್ದಿಲ್ಲದೆ ಬರುತ್ತೆ. ಮಂಡ್ಯದ ಕಡೆ ಹಳೇ ತೋಟದ ಬಾವಿಯೊಳಗೆ ಡೀಸೆಲ್ ಇಂಜಿನ್ ಇಳಿಸಿ ನೀರೆತ್ತಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೆಳಗೇ ಕಟ್ಟಿಕೊಳ್ಳುತ್ತೆ. ಕಬ್ಬಿನ ಕಾಕಂಬಿ ತೊಟ್ಟಿಯಲ್ಲಿ ಹುಳಿ ಬಂದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ, ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೊಳದ ಹಾಗೆ ನಿಲ್ಲುತ್ತೆ. ಇಳಿದವನು ನಾಲ್ಕು ಉಸಿರಿಗೆ ಕುಸೀತಾನೆ. ಮೇಲಿಂದ ನೋಡಿದ ಅಣ್ಣನೋ ಭಾವಮೈದನೋ, ಕಾಲು ಜಾರಿ ಬಿದ್ದಿದ್ದಾನೆ ಅಂದುಕೊಂಡು ಹಗ್ಗ ಕಟ್ಟಿಕೊಳ್ಳದೆ ಇಳೀತಾನೆ. ಆಮೇಲೆ ಮೂರನೆಯವನು. ಪತ್ರಿಕೆಯಲ್ಲಿ ಒಂದೇ ಮನೆಯ ಇಬ್ಬರು ಮೂವರು ಅಂತ ಸುದ್ದಿ ಬರೋದು ಹೀಗೇ. ದೀಪ ಇಳಿಸಿ ನೋಡಿದರೆ ಸಾಕು ಅನ್ನೋ ಹಳೇ ನಂಬಿಕೆಯೂ ಪೂರ್ತಿ ಕೈ ಹಿಡಿಯಲ್ಲ. ದೀಪ ಆರಿದರೆ ಆಮ್ಲಜನಕ ಕಮ್ಮಿ ಅಂತ ಗೊತ್ತಾಗುತ್ತೆ, ಆದರೆ ಕಾರ್ಬನ್ ಮೊನಾಕ್ಸೈಡ್ ಇದ್ದರೆ ದೀಪ ಚೆನ್ನಾಗಿಯೇ ಉರೀತಿರುತ್ತೆ. ಇದನ್ನ ಸಿನಿಮಾ ಮಾಡೋರು ಮೊದಲು ಬಿದ್ದವನ ಮೇಲೆ ಕ್ಯಾಮೆರಾ ಇಡಬಾರದು. ಬಾವಿಕಟ್ಟೆ ಮೇಲೆ ಎರಡನೆಯವನು ಪಂಚೆ ಎತ್ತಿ ಕಟ್ಟಿಕೊಳ್ಳುತ್ತಾನಲ್ಲ, ಇಳಿಯಬೇಡ ಅಂತ ಪ್ರೇಕ್ಷಕ ಒಳಗೊಳಗೇ ಕೂಗುತ್ತಿರುತ್ತಾನಲ್ಲ, ಅಲ್ಲಿಡಬೇಕು.

ಗೋಡೆ, ಲೆನ್ಸು

ನಿಜವಾದ ಸಂಪಿನಲ್ಲಿ ಚಿತ್ರೀಕರಣ ಮಾಡೋಕಾಗಲ್ಲ, ಮಾಡಲೂಬಾರದು. ಕಟ್ಟಬೇಕು. ನಾಲ್ಕು ಗೋಡೆ ನಾಲ್ಕು ಬಿಡಿ ಹಲಗೆ, ಒಂದೊಂದನ್ನೂ ಇಬ್ಬರು ಹಿಡಿದು ಎಳೆಯೋ ಹಾಗೆ. ರೀಪರ್ ಚೌಕಟ್ಟಿನ ಮೇಲೆ 12 ಎಂಎಂ ಪ್ಲೈ, ಅದರ ಮೇಲೆ ಸಿಮೆಂಟ್ ಸ್ಲರಿ. ಬರೀ ಬಣ್ಣ ಹೊಡೆದರೆ ಒದ್ದೆಯಾದಾಗ ಪ್ಲೈ ಹಾಗೇ ಹೊಳೆಯುತ್ತೆ. ನಟ ಗೋಡೆಗೆ ಗುದ್ದಿದಾಗ ಅಲುಗಾಡದ ಹಾಗೆ ಹಿಂದೆ ಮರಳು ಚೀಲ ಒರಗಿಸಬೇಕು. ಒಂದೇ ಒಂದು ಶಾಟ್‌ನಲ್ಲಿ ಗೋಡೆ ನಡುಗಿದರೂ ಅಲ್ಲಿಂದ ಮುಂದೆ ಅದು ಕಾಂಕ್ರೀಟ್ ಅಲ್ಲ ಅಂತ ಪ್ರೇಕ್ಷಕನ ಮನಸ್ಸಿಗೆ ಗೊತ್ತಾಗಿಬಿಟ್ಟಿರುತ್ತೆ. ತಳಕ್ಕೆ ಕೃಷಿ ಹೊಂಡಕ್ಕೆ ಹಾಸೋ 500 ಮೈಕ್ರಾನ್ ಹಾಳೆ ಒಳ್ಳೆಯದು, ಮಂಡ್ಯದಲ್ಲಿ ಸುಲಭವಾಗಿ ಸಿಗುತ್ತೆ. ನಲವತ್ತು ಸೆಂಟಿಮೀಟರ್ ನೀರು ಅಂದರೆ ಈ ತಳದ ಮೇಲೆ ಒಂದೂಮುಕ್ಕಾಲು ಟನ್ ತೂಕ. ಹಾಗಾಗಿ ಮರದ ಅಟ್ಟಣಿಗೆ ಮೇಲೆ ನೀರಿನ ಸೆಟ್ ಕಟ್ಟಬೇಡಿ, ನೆಲದ ಮೇಲೇ ಇಟ್ಟಿಗೆ ಸುತ್ತು ಕಟ್ಟಿ. ಮೇಲಿಂದ ತೆಗೆಯೋ ಶಾಟ್‌ಗೆ ಚಾವಣಿ ಮಾತ್ರ ಬೇರೆಯಾಗಿ ಎತ್ತಲಿಕ್ಕೆ ಬರಲಿ. ನೀರನ್ನ 32 ಡಿಗ್ರಿಗಾದರೂ ಬಿಸಿ ಮಾಡಬೇಕು. ಮೈಸೂರಿನ ನಲ್ಲಿ ನೀರಿನಲ್ಲಿ ಹತ್ತು ಗಂಟೆ ನಿಂತ ನಟ ಸಂಜೆಗೆ ನಡುಗೋಕೆ ಶುರು ಮಾಡ್ತಾನೆ, ಅದು ನಟನೆಯ ನಡುಕ ಆಗಿರಲ್ಲ. ಕೈಬೆರಳು ನೀರಲ್ಲಿ ನೆನೆದು ಸುಕ್ಕಾಗೋದು ಕಂಟಿನ್ಯುಟಿಗೆ, ಅಂದರೆ ಶಾಟ್‌ನಿಂದ ಶಾಟ್‌ಗೆ ಹೊಂದಿಕೆ ಉಳಿಸೋಕೆ, ದೊಡ್ಡ ತಲೆನೋವು: ಕತೆಯ ಹತ್ತನೇ ನಿಮಿಷದ ಕ್ಲೋಸಪ್ಪನ್ನ ಮಧ್ಯಾಹ್ನ ತೆಗೆದರೆ ಬೆರಳು ಎಂಬತ್ತನೇ ನಿಮಿಷದ್ದು ಆಗಿರುತ್ತೆ. ಇದೊಂದು ಕಾರಣಕ್ಕೇ ಇಂಥ ಸಿನಿಮಾವನ್ನ ಕತೆಯ ಅನುಕ್ರಮದಲ್ಲೇ ತೆಗೆಯೋದು ಲೇಸು.

ಲೆನ್ಸ್ ವಿಷಯದಲ್ಲಿ ಎಲ್ಲರೂ ಮಾಡೋ ತಪ್ಪು, ಜಾಗ ಚಿಕ್ಕದು ಅಂತ 16 ಎಂಎಂ ಹಾಕೋದು. ಅಗಲ ಲೆನ್ಸು ಗೋಡೆಗಳನ್ನ ದೂರ ತಳ್ಳುತ್ತೆ. ಆರಡಿ ಸಂಪು ಮದುವೆ ಛತ್ರದ ಊಟದ ಹಾಲಿನ ಹಾಗೆ ಕಾಣುತ್ತೆ. ಸಿಡ್ನಿ ಲ್ಯೂಮೆಟ್ 1957ರ ‘12 ಆ್ಯಂಗ್ರಿ ಮೆನ್’ನಲ್ಲಿ ಮಾಡಿದ್ದನ್ನ ಇವತ್ತಿಗೂ ಪಾಠದ ಹಾಗೆ ನೋಡಬೇಕು. ಹನ್ನೆರಡು ಜನ, ಒಂದು ಕೋಣೆ, ಒಂದು ಸೆಕೆಯ ದಿನ. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ಎರಡನೇ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ. ಜೊತೆಗೆ ಲೆನ್ಸು ಮೆಲ್ಲಮೆಲ್ಲಗೆ ಉದ್ದ ಆಗ್ತಾ ಹೋಗುತ್ತೆ, ಅಂದರೆ ಎಂಎಂ ಏರಿ ನೋಟ ಕಿರಿದಾಗುತ್ತೆ. ಕೊನೆಗೆ ಗೋಡೆಗಳು ಬೆನ್ನಿಗೇ ಬಂದು ನಿಂತಿವೆ, ಚಾವಣಿ ತಲೆ ಮೇಲೆ ಕೂತಿದೆ. ಕೋಣೆ ಒಂದಿಂಚೂ ಬದಲಾಗಿಲ್ಲ. ನೋಡುವಾಗ ಯಾರಿಗೂ ಇದು ಗೊತ್ತಾಗಲ್ಲ, ಸೆಕೆ ಮಾತ್ರ ತಡೆಯೋಕಾಗಲ್ಲ.

ನಮ್ಮ ಸಂಪಿಗೂ ಇದೇ ಕ್ರಮ ಹೊಂದುತ್ತೆ. ಮೊದಲ ಅರ್ಧ ಗಂಟೆ 24 ಎಂಎಂ, ಪ್ರೇಕ್ಷಕ ಜಾಗದ ನಕ್ಷೆ ಬಾಯಿಪಾಠ ಮಾಡಿಕೊಳ್ಳಲಿ: ಬಾಯಿ ಯಾವ ಮೂಲೆ, ಪೈಪು ಯಾವ ಕಡೆ, ಮೋಟರು ಎಲ್ಲಿ. ಆಮೇಲೆ 50, ಕೊನೆಗೆ 85. ಗೋಡೆ ಎಳೆದು ದೂರ ನಿಂತು ತೆಗೆಯೋ ಆಸೆ ಬರುತ್ತೆ, ಬರಬಾರದು. ಲೆನ್ಸಿನ ಮೂತಿ ಯಾವತ್ತೂ ಗೋಡೆ ಇದ್ದ ಗೆರೆ ದಾಟಿ ಹಿಂದಕ್ಕೆ ಹೋಗಬಾರದು. ಗೋಡೆ ಎಳೆಯೋದು ಕ್ಯಾಮೆರಾದ ಹಿಂಭಾಗಕ್ಕೂ ಅದನ್ನ ಹಿಡಿದವನಿಗೂ ಜಾಗ ಮಾಡಲಿಕ್ಕೆ ಮಾತ್ರ. ಆರಡಿ ಅಗಲದಲ್ಲಿ ನಟ ಎದುರು ಗೋಡೆಗೆ ಒರಗಿ ನಿಂತರೆ 85 ಎಂಎಂ ಲೆನ್ಸಿಗೆ ಮುಖ ಸರಿಯಾಗಿ ತುಂಬುತ್ತೆ, ಮೋಸ ಮಾಡೋ ಅಗತ್ಯವೇ ಇಲ್ಲ. ಕನ್ನಡದಲ್ಲಿ ಇಂಥ ಶಿಸ್ತನ್ನ ನೆನೆಯುವಾಗ ಸುನಿಲ್ ಕುಮಾರ್ ದೇಸಾಯಿ ಅವರ ಹೆಸರು ಬಂದೇ ಬರುತ್ತೆ. ‘ತರ್ಕ’ದಲ್ಲಿ ಹಾಡಿಲ್ಲ, ‘ನಿಷ್ಕರ್ಷ’ದಲ್ಲಿ ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಕತೆಗೆ ಅದೇ ಲೋಕ.

ಕೊಡ ತುಂಬುವ ಸದ್ದು

ನಲ್ಲಿ ಕೆಳಗೆ ಕೊಡ ಇಟ್ಟು ಒಳಗೆ ಹೋದವರಿಗೆ ಅದು ತುಂಬಿತು ಅಂತ ಗೊತ್ತಾಗೋದು ಕಿವಿಯಿಂದ. ನೀರು ಏರಿದ ಹಾಗೆ ಮೇಲಿನ ಗಾಳಿ ಕಮ್ಮಿಯಾಗಿ ಸದ್ದಿನ ಸ್ವರ ಏರುತ್ತಾ ಹೋಗುತ್ತೆ. ಸಂಪೂ ಒಂದು ದೊಡ್ಡ ಕೊಡವೇ. ಆರಡಿ ಎತ್ತರದ ಸಂಪು 94 ಹರ್ಟ್ಸ್ ಸುತ್ತಮುತ್ತ ಮೊಳಗುತ್ತೆ, ಗಂಡಸಿನ ದನಿಯ ತಳದ ಸ್ವರಕ್ಕೆ ಹತ್ತಿರ. ಅದಕ್ಕೇ ಸಂಪಿನೊಳಗೆ ಮಾತಾಡಿದರೆ ಎದೆಯೊಳಗೆ ಗುಂಯ್ ಅನ್ನೋದು. ಒಂದಡಿ ನೀರು ಏರಿದಾಗ ಅದು 112ಕ್ಕೆ ಬರುತ್ತೆ. ಹಿನ್ನೆಲೆ ಸಂಗೀತದ ಬದಲು ಈ ಒಂದು ಗುಂಯ್ ಶಬ್ದವನ್ನ ತೊಂಬತ್ತು ನಿಮಿಷದಲ್ಲಿ ಮೂರು ಅರ್ಧಸ್ವರದಷ್ಟು ಮೇಲಕ್ಕೆ ಜಾರಿಸಿದರೆ, ಯಾಕೆ ಅಂತ ಗೊತ್ತಾಗದೆ ಥಿಯೇಟರಿನಲ್ಲಿ ಕೂತವರು ಕುರ್ಚಿ ಅಂಚಿಗೆ ಸರೀತಾರೆ. ಕೊಡ ತುಂಬೋ ಸದ್ದು ಕೇಳಿ ಬೆಳೆದ ಕಿವಿಗೆ ಅದರ ಅರ್ಥ ಕಲಿಸಬೇಕಿಲ್ಲ.

ಪ್ಲೈ ಸೆಟ್ಟಿನಲ್ಲಿ ಈ ಮೊಳಗು ಇರಲ್ಲ, ಬಡಿದರೆ ಪೆಟ್ಟಿಗೆ ಸದ್ದು ಬರುತ್ತೆ. ನಿಜವಾದ ಖಾಲಿ ಸಂಪಿನ ಬಾಯಿಂದ ಮೈಕ್ ಇಳಿಬಿಟ್ಟು, ಇನ್ನೊಂದು ಮೂಲೆಯಲ್ಲಿ ಬಲೂನು ಒಡೆದು ರೆಕಾರ್ಡ್ ಮಾಡಿಕೊಂಡರೆ, ಮಿಕ್ಸಿಂಗ್‌ನಲ್ಲಿ ಆ ಪ್ರತಿಧ್ವನಿಯನ್ನ ಎಲ್ಲ ಸದ್ದಿಗೂ ತೊಡಿಸಬಹುದು. ನಮ್ಮಲ್ಲಿ ಹಾಳಾಗೋದು ಉಸಿರು. ಡಬ್ಬಿಂಗ್ ಥಿಯೇಟರಿನಲ್ಲಿ ನೆಟ್ಟಗೆ ನಿಂತು ಬಿಟ್ಟ ಉಸಿರು, ಮಂಡಿ ಮಡಿಸಿ ಕೂತವನ ಉಸಿರಿಗೆ ಯಾವತ್ತೂ ಕೂಡಲ್ಲ. ಎದೆ ಒತ್ತಿಕೊಂಡಾಗ ಉಸಿರು ಗಿಡ್ಡವಾಗುತ್ತೆ, ಕೊನೆ ತುಂಡಾಗುತ್ತೆ. ಆಗುವುದಾದರೆ ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಹೊತ್ತಲ್ಲೇ ಹಿಡಿದ ದನಿ. ಆಗಲ್ಲ ಅಂದರೆ ಡಬ್ಬಿಂಗ್ ಮಾಡೋನನ್ನ ನೆಲದ ಮೇಲೆ ಅದೇ ಭಂಗಿಯಲ್ಲಿ ಕೂರಿಸಿ, ಮೈಕು ಕೆಳಗಿಳಿಸಿ.

ಹುಣಸೂರು ರಸ್ತೆಯ ನೆನಪು

ಮುಚ್ಚಿದ ಜಾಗದ ಚಿತ್ರೀಕರಣದ ಬಗ್ಗೆ ಮೈಸೂರಿನಲ್ಲಿ ಕೂತು ಬರೆಯುವಾಗ ಪ್ರೀಮಿಯರ್ ಸ್ಟುಡಿಯೋ ನೆನೆಯದೆ ಮುಂದೆ ಹೋಗೋಕಾಗಲ್ಲ. 1989ರ ಫೆಬ್ರುವರಿ 8ರಂದು ಹುಣಸೂರು ರಸ್ತೆಯ ಆ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಜನ ಸತ್ತರು. ಸದ್ದು ಹೀರಲಿ ಅಂತ ಗೋಡೆಗೆ ಹೊದಿಸಿದ್ದ ಗೋಣಿ, ಸುತ್ತ ಮರ, ಬಟ್ಟೆ, ತುಂಬಿದ ಜನ, ಹೊರಗೆ ಬರೋ ದಾರಿ ಸಾಲದು. ಸಿನಿಮಾದಲ್ಲಿ ನಾವು ಹಂತಹಂತವಾಗಿ ಕಟ್ಟೋ ಇಕ್ಕಟ್ಟು ಅಲ್ಲಿ ನಿಮಿಷಗಳಲ್ಲಿ ನಿಜವಾಯಿತು. ಆ ಕಾಲದ ಐದು ಕಿಲೋವ್ಯಾಟ್ ಲೈಟುಗಳು ಬೆಳಕಿಗಿಂತ ಹೆಚ್ಚು ಕಾವು ಕಾರುತ್ತಿದ್ದವು. ಈಗ ಎಲ್‌ಇಡಿ ಬಂದಿದೆ, ಕಾವು ಇಳಿದಿದೆ. ಆದರೆ ಬಾಗಿಲಿನ ಲೆಕ್ಕ ಹಾಕೋರು ಈಗಲೂ ಕಮ್ಮಿ. ಬಾಡಿಗೆ ಗೋದಾಮಿನೊಳಗೆ ಸೆಟ್ಟು ಹಾಕಿ, ಹೊರಗಿನ ಸದ್ದು ಬರದಿರಲಿ ಅಂತ ಶಟರ್ ಎಳೆದು, ಕಪ್ಪು ಬಟ್ಟೆ ಇಳಿಬಿಟ್ಟು ಕೆಲಸ ಮಾಡ್ತಾರೆ.

ಪಾತ್ರಕ್ಕೆ ಒಂದೂ ದಾರಿ ಇಲ್ಲದ ಸೆಟ್ಟಿನಲ್ಲಿ ನಟನಿಗೆ ಕನಿಷ್ಠ ಮೂರು ದಾರಿ ಇರಬೇಕು. ಎರಡು ಗೋಡೆಗಾದರೂ ಮೊಳೆ ಹೊಡೆಯಬಾರದು, ಒಳಗಿಂದ ಒದ್ದರೆ ಬೀಳೋ ಹಾಗೆ ಬರೀ ಹಗುರ ಚಿಲಕ, ಹಿಂದಿನ ಮರಳು ಚೀಲ ಒದೆತಕ್ಕೆ ಸರಿಯುವಷ್ಟೇ ಇರಲಿ. ಬೀಡುಕಬ್ಬಿಣದ ಮುಚ್ಚಳ ಥರ್ಮಾಕೋಲಿನದು, ಮೇಲೆ ಕಬ್ಬಿಣದ ಬಣ್ಣ, ತೂಕ ಒಂದು ಕಿಲೋ. ಅದರ ಮೇಲೆ ನಿಲ್ಲೋ ಕಾರಿನ ಚಕ್ರ ಬಿಡಿಚಕ್ರ, ಪಕ್ಕದಿಂದ ಒಬ್ಬ ಎಳೆದರೆ ಬರಬೇಕು. ಮೊದಲ ದಿನ ಕ್ಯಾಮೆರಾ ಬರೋ ಮುಂಚೆ ನಟನನ್ನ ಒಳಗಿಳಿಸಿ, ಲೈಟು ಪೂರ್ತಿ ಆರಿಸಿ, ಮೂರೂ ದಾರಿಯಲ್ಲಿ ಅವನೇ ಒಂದೊಂದು ಸಲ ಹೊರಬರಲಿ. ದಾರಿ ಮೈಗೆ ಗೊತ್ತಿದ್ದಾಗ ಮಾತ್ರ ಮುಖ ನಿಜವಾಗಿ ಹೆದರಬಲ್ಲದು. ನೀರಿನೊಳಗೆ 12 ವೋಲ್ಟಿಗಿಂತ ಹೆಚ್ಚಿನದೇನೂ ಇಳಿಯಬಾರದು, ಬ್ಯಾಟರಿ ಮಾತ್ರ. ಮೇಲಿನ ಲೈಟುಗಳಿಗೆ ಎರಡೆರಡು ಸರಪಳಿ. ಜನರೇಟರಿನಿಂದ ಬರೋ ಲೈನಿಗೆ ಆರ್‌ಸಿಸಿಬಿ, ಬೆಳಗ್ಗೆ ಕೆಲಸ ಶುರುವಾಗೋ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗೋದು ಕಣ್ಣಲ್ಲಿ ನೋಡಬೇಕು. ಕರೆಂಟಿನಿಂದ ಸಾಯೋ ಭಯದ ಸಿನಿಮಾವನ್ನ ಕರೆಂಟೇ ಇಲ್ಲದ ನೀರಿನಲ್ಲಿ ತೆಗೆಯಬೇಕು.

ಇನ್ನೊಬ್ಬ ಬೇಕು. ಸಂಪಿನ ಬಾಯಿ ಪಕ್ಕ ಒಂದು ಸ್ಟೂಲು, ಅದರ ಮೇಲೆ ಒಬ್ಬ ಲೈಟ್‌ಮ್ಯಾನ್, ಕೈ ಮೇನ್ ಸ್ವಿಚ್ಚಿನ ಮೇಲೆ, ಕಣ್ಣು ನೀರಿನ ಮೇಲೆ. ನಟ ಯಾವ ಪದ ಕೂಗಿದರೆ ಅದು ನಟನೆ ಅಲ್ಲ ಅಂತ ಇಬ್ಬರಿಗೂ ಮುಂಚೆಯೇ ಮಾತಾಗಿರಬೇಕು, ಆ ಪದ ಚಿತ್ರಕತೆಯಲ್ಲಿ ಎಲ್ಲೂ ಬರಬಾರದು. "ಕಾಪಾಡಿ" ಆಗಬಾರದು, ಅದನ್ನ ಅವನು ದಿನವಿಡೀ ಕೂಗ್ತಾನೇ ಇರ್ತಾನೆ. ಆ ಸ್ಟೂಲಿನ ಮೇಲೆ ಕೂತವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. ಕೇಬಲ್ ಎಳೆಯೋಕೆ ಕರೀಬೇಡಿ, ಟೀ ತರೋಕೆ ಕಳಿಸಬೇಡಿ. ಅವನ ಟೀ ಅವನಿರೋ ಕಡೆಗೇ ಬರಲಿ.